ಹೊರಡುವ ಮುನ್ನ ಗಾಳಿ ಯಾವ ಕಡೆಯದು ನೋಡಿ: ಮೆಲ್ಬರ್ನಿನ ಹವೆ, ಮೆಲ್ಬರ್ನಿನ ಸುತ್ತಾಟ

ಮೆಲ್ಬರ್ನಿಗೆ ಹೊಸದಾಗಿ ಬಂದವರು ಬೆಳಿಗ್ಗೆ ಫೋನಿನಲ್ಲಿ ನೋಡುವುದು ಒಂದೇ ಅಂಕಿ: ಇವತ್ತು ಗರಿಷ್ಠ ಎಷ್ಟು ಡಿಗ್ರಿ. 34 ಎಂದಿದ್ದರೆ ತೆಳ್ಳನೆಯ ಹತ್ತಿ ಅಂಗಿ ತೊಟ್ಟು ಸಮುದ್ರದ ಕಡೆ ಹೊರಡುತ್ತಾರೆ. ಸಂಜೆ ಐದಕ್ಕೆ 18 ಡಿಗ್ರಿಯ ಗಾಳಿಗೆ ನಡುಗುತ್ತ ಕಾರಿನೊಳಗೆ ಸೇರಿಕೊಳ್ಳುತ್ತಾರೆ. ಆ 34 ಸುಳ್ಳೇನಲ್ಲ, ಮಧ್ಯಾಹ್ನ ಎರಡು ಗಂಟೆಯ ಮಟ್ಟಿಗೆ ನಿಜ. ಈ ಊರಿನಲ್ಲಿ ಡಿಗ್ರಿಗಿಂತ ಮೊದಲು ತಿಳಿದುಕೊಳ್ಳಬೇಕಾದ್ದು ಎರಡು: ಗಾಳಿ ಎತ್ತಣಿಂದ ಬೀಸುತ್ತಿದೆ, ಎಷ್ಟು ಹೊತ್ತಿಗೆ ತಿರುಗುತ್ತದೆ. ಎಲ್ಲಿಗೆ ಹೋಗಬೇಕು, ಏನು ಹೊದೆಯಬೇಕು, ಒಲೆ ಹಚ್ಚಬಹುದೇ, ನೀರಿಗಿಳಿಯಬಹುದೇ ಎಂಬುದೆಲ್ಲ ಆಮೇಲಿನ ಮಾತು.

ನಕಾಶೆ ತೆರೆದರೆ ಕಾರಣ ಕಣ್ಣಿಗೆ ಬೀಳುತ್ತದೆ. ಊರಿನ ಉತ್ತರಕ್ಕೆ ಖಂಡದ ಒಣ ಒಳನಾಡು. ದಕ್ಷಿಣಕ್ಕೆ ಪೋರ್ಟ್ ಫಿಲಿಪ್ ಕೊಲ್ಲಿ, ಅದರಾಚೆ ಬಾಸ್ ಜಲಸಂಧಿ. ನೈಋತ್ಯಕ್ಕೆ ಅಂಟಾರ್ಕ್ಟಿಕಾದವರೆಗೆ ಬರೀ ನೀರು. ದಕ್ಷಿಣ ಗೋಳಾರ್ಧದಲ್ಲಿ ವಾಯುಭಾರ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಇಂಥ ಕುಸಿತಗಳು ಒಂದರ ಹಿಂದೊಂದು ಪಶ್ಚಿಮದಿಂದ ಪೂರ್ವಕ್ಕೆ, ಹೆಚ್ಚಾಗಿ ಊರಿನ ದಕ್ಷಿಣದ ಕಡಲ ಮೇಲೆ ಹಾದುಹೋಗುತ್ತವೆ. ಕುಸಿತ ಬರುವ ಮುಂಚೆ ಉತ್ತರದ, ವಾಯವ್ಯದ ಗಾಳಿ ಒಳನಾಡಿನ ಬಿಸಿಯನ್ನು ಹೊತ್ತು ತರುತ್ತದೆ. ಅದು ದಾಟುತ್ತಿದ್ದಂತೆ ಗಾಳಿ ಸರಕ್ಕನೆ ತಿರುಗಿ ನೈಋತ್ಯದಿಂದ ಬೀಸತೊಡಗಿ ಸಾಗರದ ತಂಪು ನುಗ್ಗುತ್ತದೆ. ಈ ತಿರುವಿಗೆ ಇಲ್ಲಿನವರ ಹೆಸರು ಕೂಲ್ ಚೇಂಜ್. ಬೇಸಿಗೆಯಲ್ಲಿ ಆಫೀಸಿನ ಲಿಫ್ಟಿನಲ್ಲಿ, ಹಾಲಿನಂಗಡಿಯಲ್ಲಿ ‘ಚೇಂಜ್ ಎಷ್ಟೊತ್ತಿಗಂತೆ?’ ಎನ್ನುವುದು ಕುಶಲ ಪ್ರಶ್ನೆಯಷ್ಟೇ ಸಹಜ. ಬಲವಾದ ಚೇಂಜ್ ಬಂದರೆ ಅರ್ಧ ಗಂಟೆಯೊಳಗೆ 15 ಡಿಗ್ರಿ ಇಳಿದುಬಿಡುವುದೂ ಉಂಟು.

ಮುನ್ಸೂಚನೆಯಲ್ಲಿ ‘ಸಂಜೆಯ ವೇಳೆಗೆ’ ಎಂದಷ್ಟೇ ಇರುತ್ತದೆ. ನಿಖರ ಹೊತ್ತು ಬೇಕಿದ್ದರೆ ಹವಾಮಾನ ಬ್ಯೂರೋದ ತಾಣದಲ್ಲಿ ವಿಕ್ಟೋರಿಯಾದ ಇತ್ತೀಚಿನ ವೀಕ್ಷಣೆಗಳ ಪಟ್ಟಿ ತೆರೆಯಿರಿ. ಪ್ರತಿ ಕೇಂದ್ರದ ಎದುರು ಉಷ್ಣಾಂಶ, ಗಾಳಿಯ ದಿಕ್ಕು, ವೇಗ, ಬಿರುಗಾಳಿಯ ಹೊಡೆತ ಇರುತ್ತವೆ. ಪಶ್ಚಿಮದಿಂದ ಓದುತ್ತ ಬನ್ನಿ: ಕೇಪ್ ಆಟ್ವೇ, ಏರೀಸ್ ಇನ್‌ಲೆಟ್, ಅವಲಾನ್, ಲಾವರ್ಟನ್, ಕಡೆಗೆ ಮೆಲ್ಬರ್ನ್. ಕೇಪ್ ಆಟ್ವೇಯಲ್ಲಿ ವಾಯವ್ಯ ಇದ್ದದ್ದು ನೈಋತ್ಯವಾಗಿ, ಡಿಗ್ರಿ ಇಳಿದಿದ್ದರೆ ಚೇಂಜ್ ದಂಡೆ ಮುಟ್ಟಿದೆ. ಅವಲಾನಿನಲ್ಲೂ ತಿರುಗಿದರೆ ಬಟ್ಟೆ, ಚಾಪೆ, ಛತ್ರಿ ಕಟ್ಟಿಕೊಳ್ಳುವ ಹೊತ್ತು. ಇನ್ನೊಂದು ಸಂಗತಿ: ಮುನ್ಸೂಚನೆಯಲ್ಲಿ ಕೊಡುವ ಗಾಳಿಯ ವೇಗ ಸರಾಸರಿ. ಹೊಡೆತಗಳು ಅದಕ್ಕಿಂತ ಶೇ. 40ರಷ್ಟು ಜೋರಾಗಿರಬಹುದು. 40 ಕಿ.ಮೀ. ಎಂದರೆ 56 ಎಂದುಕೊಂಡೇ ಗುಡಾರ ಹೂಡಿ. ಕಡಲ ದಂಡೆಯಲ್ಲಿ ನಾಲ್ಕು ಕಾಲಿನ ಗಜಿಬೋ ಎಂಬ ನೆರಳಿನ ಚಪ್ಪರ ಹಾರಿ ಹೋಗುವುದು ಇಲ್ಲಿ ಅಪರೂಪದ ನೋಟವಲ್ಲ. ಅದರ ಜೊತೆಗೆ ಬರುವ ಸಣ್ಣ ಗೂಟಗಳು ಮರಳಿನಲ್ಲಿ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ ಪ್ರತಿ ಕಾಲಿಗೂ ಕಟ್ಟಬೇಕು, ಚೇಂಜಿಗೆ ಮುಂಚೆ ಬಿಚ್ಚಲೂಬೇಕು.

ಉತ್ತರದ ಗಾಳಿಯ ದಿನ ಮನೆಯನ್ನು ಬೆಳಿಗ್ಗೆಯೇ ಮುಚ್ಚಬೇಕು. ಕಿಟಕಿ ತೆರೆದರೆ ಗಾಳಿಯಾಡುತ್ತದೆ ಎಂಬ ನಮ್ಮ ಕಡೆಯ ಅಭ್ಯಾಸ 38 ಡಿಗ್ರಿಯ ಬಿಸಿಗಾಳಿಯಲ್ಲಿ ತಿರುಗುಬಾಣವಾಗುತ್ತದೆ. ಎಂಟು ಗಂಟೆಗೆ ಮುಂಚೆ ಕಿಟಕಿ, ಪರದೆ ಎಲ್ಲ ಮುಚ್ಚಿ, ಚೇಂಜ್ ಬಂದ ಮೇಲೆ ದಕ್ಷಿಣದ ಮತ್ತು ಉತ್ತರದ ಕಿಟಕಿಗಳನ್ನು ಒಟ್ಟಿಗೆ ತೆರೆಯಿರಿ. ಇಲ್ಲಿ ಸೂರ್ಯ ಹಾಯುವುದು ಉತ್ತರದ ಆಕಾಶದಲ್ಲಿ. ಮನೆ ನೋಡುವಾಗ ದಕ್ಷಿಣಕ್ಕೆ ದೊಡ್ಡ ಗಾಜು ಇದ್ದರೆ ಚಳಿಗಾಲದಲ್ಲಿ ಬಿಸಿಲೇ ಸಿಗುವುದಿಲ್ಲ. ವಾಸ್ತು ಪುಸ್ತಕ ಕೈಲಿ ಹಿಡಿದು ಬಂದವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹಲವು ಮನೆಗಳಲ್ಲಿ ಇರುವುದು ಎಸಿ ಅಲ್ಲ, ಮಾಡಿನ ಮೇಲೆ ಕೂತ ನೀರಿನ ಕೂಲರ್. ಹೊರಗಿನ ಒಣಗಾಳಿಯನ್ನು ಒದ್ದೆ ಹಾಳೆಗಳ ಮೂಲಕ ಎಳೆದು ಒಳಗೆ ತಳ್ಳುವ ಯಂತ್ರ ಅದು. ಹೊರಹೋಗಲು ದಾರಿ ಇಲ್ಲದಿದ್ದರೆ ಕೆಲಸ ಮಾಡದು, ಆದ್ದರಿಂದ ಅದು ಓಡುವಾಗ ಒಂದೆರಡು ಕಿಟಕಿ ಅಂಗೈಯಗಲ ತೆರೆದಿರಬೇಕು. ತೇವದ ದಿನ ಅದರಿಂದ ಪ್ರಯೋಜನ ಕಡಿಮೆ. ಹೊಗೆ ಕವಿದ ದಿನ ಅದನ್ನು ಆರಿಸಲೇಬೇಕು, ಇಲ್ಲವಾದರೆ ಊರಿನ ಹೊಗೆಯೆಲ್ಲ ಮಲಗುವ ಕೋಣೆಗೆ ಬರುತ್ತದೆ.

ಗಾಳಿಯ ತಿರುವು ಎಂದರೆ ನೆಮ್ಮದಿ ಎಂದಷ್ಟೇ ತಿಳಿದವರು 2009ರ ಫೆಬ್ರವರಿ 7ರ ಕಪ್ಪು ಶನಿವಾರದ ಕಥೆ ಓದಬೇಕು. ಅಂದು ಮೆಲ್ಬರ್ನಿನಲ್ಲಿ 46.4 ಡಿಗ್ರಿ. ಊರಿನ ದಾಖಲೆಯಲ್ಲಿ ಅದೇ ಅತಿ ಹೆಚ್ಚು. ವಾಯವ್ಯದ ಗಾಳಿಗೆ ಕಾಳ್ಗಿಚ್ಚು ಆಗ್ನೇಯದ ಕಡೆಗೆ ಉದ್ದ ನಾಲಿಗೆಯಂತೆ ಚಾಚಿಕೊಂಡಿತ್ತು. ಸಂಜೆ ಗಾಳಿ ತಿರುಗಿ ನೈಋತ್ಯದಿಂದ ಬೀಸಿದಾಗ ಆ ನಾಲಿಗೆಯ ಇಡೀ ಪಕ್ಕೆಯೇ ಹೊಸ ಮುಂಭಾಗವಾಗಿ, ಅಷ್ಟಗಲದ ಬೆಂಕಿ ಈಶಾನ್ಯಕ್ಕೆ ನುಗ್ಗಿತು. ಅಂದಿನ ಬೆಂಕಿಗಳಲ್ಲಿ ಸತ್ತವರು 173 ಮಂದಿ. ಅದಕ್ಕೂ ಹಿಂದೆ, 1983ರ ಫೆಬ್ರವರಿ 8ರ ಮಧ್ಯಾಹ್ನ, ಇಂಥದ್ದೇ ಒಂದು ತಿರುವು ಬರಗಾಲದಿಂದ ಪುಡಿಯಾಗಿದ್ದ ಮ್ಯಾಲೀ ಮತ್ತು ವಿಮ್ಮೆರಾ ಸೀಮೆಯ ಮೇಲ್ಮಣ್ಣನ್ನು ಎತ್ತಿಕೊಂಡು ಬಂದು ಊರಿನ ಮೇಲೆ ಕಂದು ಗೋಡೆಯಂತೆ ಕವಿಯಿತು. ಸುಮಾರು 320 ಮೀಟರ್ ಎತ್ತರದ ಧೂಳು. ಹಗಲು ಮೂರು ಗಂಟೆಗೆ ಬೀದಿ ಕತ್ತಲಾಯಿತು. ಅದಾದ ಎಂಟನೇ ದಿನ ಆಶ್ ವೆನ್ಸ್‌ಡೇ ಕಾಳ್ಗಿಚ್ಚು.

ಆದ್ದರಿಂದ ಬೇಸಿಗೆಯಲ್ಲಿ ಕಾಡಿನ ಕಡೆ ಹೊರಡುವವರು ನೋಡಬೇಕಾದ ಎರಡನೆಯ ಸಂಗತಿ ಬೆಂಕಿ ಅಪಾಯದ ಮಟ್ಟ. 2022ರ ಸೆಪ್ಟೆಂಬರಿನಿಂದ ದೇಶಕ್ಕೆಲ್ಲ ಒಂದೇ ಪದ್ಧತಿ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರೋಫಿಕ್. ಎಕ್ಸ್‌ಟ್ರೀಮ್ ದಿನ ಡ್ಯಾಂಡಿನಾಂಗ್ ಬೆಟ್ಟ, ಕಿಂಗ್‌ಲೇಕ್, ಆಟ್ವೇ ಕಾಡುಗಳ ಯೋಚನೆಯನ್ನೇ ಬಿಡಿ. ಕೆಟಾಸ್ಟ್ರೋಫಿಕ್ ಎಂದರೆ ಆ ಜಿಲ್ಲೆಯ ಉದ್ಯಾನಗಳ ಗೇಟೇ ಮುಚ್ಚಿರುತ್ತದೆ. ವಿಕ್‌ಎಮರ್ಜೆನ್ಸಿ ಆ್ಯಪಿನಲ್ಲಿ ಹೋಗುವ ಜಾಗವನ್ನು ಗುರುತಿಸಿಟ್ಟರೆ ಎಚ್ಚರಿಕೆ ತಾನಾಗಿ ಬರುತ್ತದೆ. ಕಣಿವೆಯಲ್ಲಿ ಸಿಗ್ನಲ್ ಹೋದರೆ ಕಾರಿನ ರೇಡಿಯೋದಲ್ಲಿ ಎಬಿಸಿ ಹಾಕಿ.

ಟೋಟಲ್ ಫೈರ್ ಬ್ಯಾನ್ ಎಂದು ಸಾರಿದ ದಿನ ಬಯಲಿನಲ್ಲಿ ಸೌದೆ, ಇದ್ದಿಲು ಹಚ್ಚುವುದು ಅಪರಾಧ. ಮನೆಯ ಹಿತ್ತಿಲಿನ ಗ್ಯಾಸ್ ಬಾರ್ಬೆಕ್ಯೂಗೆ ಅವಕಾಶ ಇದೆ, ಷರತ್ತಿನ ಮೇಲೆ: ಸುತ್ತ 3 ಮೀಟರ್ ಉರಿಯುವ ವಸ್ತು ಇರಬಾರದು, ನಲ್ಲಿಗೆ ಜೋಡಿಸಿದ ಪೈಪು ಅಥವಾ ಕನಿಷ್ಠ 10 ಲೀಟರ್ ನೀರು ಕೈಗೆಟುಕುವಂತಿರಬೇಕು, ಉರಿ ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಇನ್ನು ಪಾರ್ಕುಗಳಲ್ಲಿ ಇರುವ ಗುಂಡಿಯೊತ್ತುವ ವಿದ್ಯುತ್ ಒಲೆಗಳು. ಅವು ಪುಕ್ಕಟೆ, ಯಾರು ಬೇಕಾದರೂ ಬಳಸಬಹುದು. ಈ ದೇಶದ ಸಾರ್ವಜನಿಕ ಸೌಕರ್ಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾನಂತೂ ವಾದಿಸುತ್ತೇನೆ. ಗುಂಡಿ ಒತ್ತಿದರೆ ಕೆಲವು ನಿಮಿಷ ಕಾಯುತ್ತದೆ, ಆಮೇಲೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಹಿಂದಿನವರ ಮಾಂಸದ ಜಿಡ್ಡು ಬೇಡವೆನ್ನುವವರು ಬಿಸಿಯಾದ ಮೇಲೆ ಒದ್ದೆ ಕಾಗದದಿಂದ ಒರೆಸಿ ಫಾಯಿಲ್ ಹಾಸುತ್ತಾರೆ. ದೋಸೆ ಹೊಯ್ಯಲು ಮಾತ್ರ ಹೋಗಬೇಡಿ. ಎಣ್ಣೆ ಹರಿದುಹೋಗಲೆಂದು ಆ ತಟ್ಟೆ ನಡುವಿನ ತೂತಿನ ಕಡೆಗೆ ಇಳಿಜಾರಾಗಿದೆ, ಹಿಟ್ಟೂ ಅಲ್ಲಿಗೇ ಹರಿಯುತ್ತದೆ. ಪನೀರ್, ಜೋಳ, ಬದನೆ ಹೋಳು, ಮನೆಯಲ್ಲೇ ಅರ್ಧ ಬೇಯಿಸಿ ತಂದ ರೊಟ್ಟಿ ಇವೆಲ್ಲ ಚೆನ್ನಾಗಿ ಆಗುತ್ತವೆ. ಗಾಳಿಯ ದಿನ ತಟ್ಟೆ ಕಾಯುವುದೇ ಇಲ್ಲ. ಗೋಡೆಯ ಮರೆಯಲ್ಲಿರುವ ಒಲೆ ಹಿಡಿಯಿರಿ. ಬುತ್ತಿಯ ವಿಷಯಕ್ಕೂ ಒಂದು ಮಾತು. ಪುಳಿಯೋಗರೆ ತಡೆಯುತ್ತದೆ, ಮೊಸರನ್ನ ತಡೆಯುವುದಿಲ್ಲ. ಇಲ್ಲಿನ ಆಹಾರ ಸುರಕ್ಷತೆಯ ಲೆಕ್ಕದಲ್ಲಿ 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗೂ ಕಡಿಮೆ ಇದ್ದದ್ದನ್ನು ಮತ್ತೆ ಫ್ರಿಜ್ಜಿಗೆ ಇಡಬಹುದು, ಎರಡರಿಂದ ನಾಲ್ಕು ಗಂಟೆಯೊಳಗಿನದನ್ನು ಆಗಲೇ ತಿಂದು ಮುಗಿಸಬೇಕು, ನಾಲ್ಕು ದಾಟಿದರೆ ಕಸಕ್ಕೆ. ಎಸ್ಕಿಯಲ್ಲಿ (ಐಸು ಹಾಕುವ ತಂಪು ಪೆಟ್ಟಿಗೆಯಲ್ಲಿ) ಐಸು ಅಡಿಗೂ ಮೇಲಕ್ಕೂ ಇರಲಿ, ಅದನ್ನು ಡಿಕ್ಕಿಯಲ್ಲಿಡದೆ ಎಸಿ ತಾಗುವ ಕಡೆ ಇಡಿ.

ಕಡಲಿಗೆ ಬಂದರೆ, ಮೆಲ್ಬರ್ನಿಗಿರುವುದು ಎರಡು ಬಗೆಯ ಕಡಲು. ಸೇಂಟ್ ಕಿಲ್ಡಾ, ಬಣ್ಣದ ಮರದ ಗೂಡುಗಳ ಸಾಲಿರುವ ಬ್ರೈಟನ್, ಫ್ರಾಂಕ್‌ಸ್ಟನ್ ಇವು ಕೊಲ್ಲಿಯ ದಂಡೆಗಳು, ತೆರೆ ಸಣ್ಣದು. ಗುನ್ನಮಾಟ್ಟ, ಫಿಲಿಪ್ ದ್ವೀಪದ ವೂಲಮೈ ಇವು ತೆರೆದ ಸಾಗರ. ಹತ್ತಿರವಿದೆ, ಚಂದವಿದೆ ಎಂದು ಎರಡನ್ನೂ ಒಂದೇ ಎಂದುಕೊಂಡರೆ ಅಪಾಯ. ಉತ್ತರದ ಗಾಳಿಯ ದಿನ ಸೇಂಟ್ ಕಿಲ್ಡಾದ ನೀರು ಕನ್ನಡಿಯಷ್ಟು ನಯವಾಗಿ ಕಾಣುತ್ತದೆ, ಏಕೆಂದರೆ ಗಾಳಿ ನೆಲದಿಂದ ನೀರಿನ ಕಡೆಗಿದೆ. ಅದೇ ಗಾಳಿ ಮಕ್ಕಳ ಗಾಳಿ ತುಂಬಿದ ಆಟಿಕೆಯನ್ನೂ, ಹೊಸದಾಗಿ ಕಲಿಯುತ್ತಿರುವವರ ಪ್ಯಾಡಲ್ ಬೋರ್ಡನ್ನೂ ಕೊಲ್ಲಿಯ ನಡುವಿಗೆ ತಳ್ಳುತ್ತದೆ. ಚೇಂಜ್ ಬಂದ ಮೇಲೆ ತಿರುವುಮುರುವು: ಪೂರ್ವದ ದಂಡೆಗೆಲ್ಲ ಮೋಟು ತೆರೆಗಳ ಹೊಡೆತ.

ಸಾಗರದ ದಂಡೆಯಲ್ಲಿ ಜೀವರಕ್ಷಕರು ನೆಟ್ಟ ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಬಾವುಟ ಇಲ್ಲದಿದ್ದರೆ ಮೊಣಕಾಲಿನಾಚೆ ಹೋಗಬೇಡಿ. ನಮ್ಮವರಲ್ಲಿ ಈಜು ಬಲ್ಲವರೂ ಕಲಿತದ್ದು ಬಾವಿ, ಕೆರೆ, ಕೊಳಗಳಲ್ಲಿ. ದಂಡೆಯಿಂದ ಹೊರಕ್ಕೆ ಎಳೆಯುವ ರಿಪ್ ಎಂಬ ಸೆಳವು ಮೋಸದ್ದು. ಎಡಬಲದಲ್ಲಿ ತೆರೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕಪ್ಪಾಗಿ, ಕೆಲವೊಮ್ಮೆ ಮರಳು ಕದಡಿ ಕಾಣುತ್ತದೆ. ಹೊಸಬರು ‘ಇಲ್ಲಿ ತೆರೆ ಇಲ್ಲ’ ಎಂದು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಂಡೆಯ ಕಡೆ ನೇರ ಈಜಿದಷ್ಟೂ ಸುಸ್ತು. ತೇಲಿಕೊಂಡು ಕೈ ಎತ್ತಿ, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ತೆರೆ ಒಡೆಯುವ ಕಡೆಗೆ ಸರಿಯಿರಿ. ಸೀರೆ, ಜೀನ್ಸು, ಸಲ್ವಾರ್ ತೊಟ್ಟು ನೀರಿಗಿಳಿದರೆ ನೆನೆದ ಬಟ್ಟೆಯೇ ಅಡಿಗೆಳೆಯುತ್ತದೆ.

ಬಿಸಿಲಿನ ಲೆಕ್ಕ ಸೆಕೆಯ ಲೆಕ್ಕವಲ್ಲ. ಗಾಳಿ ತಿರುಗಿ 20 ಡಿಗ್ರಿಗೆ ಇಳಿದ ಜನವರಿ ದಿನದಲ್ಲೂ ನೇರಳಾತೀತ ಸೂಚ್ಯಂಕ ಹತ್ತು ದಾಟಬಹುದು. ತಂಪಾಗಿದೆ ಎಂದು ಮೈಮರೆತ ದಿನವೇ ಕತ್ತು, ಕಿವಿಯ ಮೇಲ್ತುದಿ ಸುಡುವುದು. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು. ಮೆಲ್ಬರ್ನಿನಲ್ಲಿ ಅದು ಆಗಸ್ಟ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ. ಸನ್‌ಸ್ಕ್ರೀನ್ ಹೊರಡುವ 20 ನಿಮಿಷ ಮುಂಚೆ, ದೊಡ್ಡವರ ಇಡೀ ಮೈಗೆ ಸುಮಾರು ಏಳು ಟೀ ಚಮಚ, ಎರಡು ಗಂಟೆಗೊಮ್ಮೆ ಮತ್ತೆ. ನಮ್ಮ ಜನ ಬಟಾಣಿಯಷ್ಟು ಹಚ್ಚಿ ಮುಗಿಸುತ್ತಾರೆ.

ಇನ್ನು ನೈಋತ್ಯದ ದಿನಗಳು. ವರ್ಷಕ್ಕೆ ಮೆಲ್ಬರ್ನಿನ ಮಳೆ ಸುಮಾರು 650 ಮಿಲಿಮೀಟರ್, ಸಿಡ್ನಿಯ ಅರ್ಧದಷ್ಟು. ಆದರೂ ‘ಯಾವಾಗಲೂ ಮಳೆ’ ಎಂಬ ಹೆಸರು ಈ ಊರಿಗೇ ಬಂದಿರುವುದಕ್ಕೆ ಕಾರಣ ಅದು ಸುರಿಯುವ ರೀತಿ. ಚೇಂಜಿನ ಹಿಂದೆ ಬರುವುದು ಬಿಡಿ ಬಿಡಿ ಮೋಡದ ತುಂಡುಗಳು: ಹತ್ತು ನಿಮಿಷ ಜಡಿ, ಅರ್ಧ ಗಂಟೆ ಬಿಸಿಲು, ಮತ್ತೆ ಜಡಿ. ಇದಕ್ಕೆ ದಿನದ ಮುನ್ಸೂಚನೆಗಿಂತ ರಾಡಾರ್ ಚಿತ್ರ ಉಪಯುಕ್ತ. ಕೊನೆಯ ಕೆಲವು ಚೌಕಟ್ಟುಗಳನ್ನು ಓಡಿಸಿ ನೋಡಿದರೆ ತುಂಡುಗಳು ಎತ್ತಣಿಂದ ಎಷ್ಟು ಬಿರುಸಿನಲ್ಲಿ ಬರುತ್ತಿವೆ, ನಡುವೆ ಎಷ್ಟು ಅಂತರ ಎಂಬುದು ತಿಳಿಯುತ್ತದೆ. ನಾಯಿಯನ್ನು ನಡೆಸಲು, ಬಟ್ಟೆ ಹರವಲು ಅಷ್ಟು ಸಾಕು. ‘1ರಿಂದ 5 ಮಿ.ಮೀ.’ ಎಂದಿದ್ದರೆ 5 ಮೇಲ್ಮಿತಿಯಲ್ಲ. ಅದನ್ನು ಮುಟ್ಟುವ ಅಥವಾ ಮೀರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೊಡೆ ಈ ಗಾಳಿಗೆ ಮಡಚಿ ಮೇಲಾಗುತ್ತದೆ. ಟೋಪಿಯಿರುವ ಮಳೆ ಜಾಕೆಟ್ಟೇ ಸರಿ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ದಪ್ಪನೆಯ ಒಂದು ಸ್ವೆಟರಿಗಿಂತ ತೆಳ್ಳನೆಯ ಎರಡು ಪದರ, ಮೇಲೊಂದು ಗಾಳಿ ತಡೆಯುವ ಜಾಕೆಟ್ಟು ಕೊಡಿ. ಬಿಸಿಲು ಬಂದಾಗ ಒಂದೊಂದೇ ಬಿಚ್ಚಬಹುದು. ಮಂಕಿ ಕ್ಯಾಪ್ ತಂದಿದ್ದರೆ ನಗಬೇಡಿ, ಕಿವಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಊರಿನೊಳಗೂ ಮಳೆ ಒಂದೇ ಸಮನಿಲ್ಲ. ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗುವ ಮೋಡದಂತೆ, ಇಲ್ಲಿ ನೈಋತ್ಯದ ಮೋಡ ಆಟ್ವೇ ಬೆಟ್ಟಗಳ ಮೇಲೆ ಸುರಿಸಿ ಬರುವುದರಿಂದ ನಮ್ಮವರು ಹೆಚ್ಚಾಗಿ ನೆಲೆಸಿರುವ ಪಶ್ಚಿಮದ ಬಡಾವಣೆಗಳಾದ ಟಾರ್ನೀಟ್, ಪಾಯಿಂಟ್ ಕುಕ್, ವೆರಿಬಿ ಮಳೆಯ ನೆರಳಿನಲ್ಲಿವೆ. ಪೂರ್ವದ ಡ್ಯಾಂಡಿನಾಂಗ್ ಬೆಟ್ಟದಲ್ಲಿ ಬೀಳುವುದು ಅದರ ಎರಡು ಪಟ್ಟು. ಪಶ್ಚಿಮದ ಹಿತ್ತಿಲಲ್ಲಿ ಕರಿಬೇವು, ನುಗ್ಗೆ ನೆಡುವವರಿಗೆ ಮಳೆಯ ಕೊರತೆಗಿಂತ ಬಯಲಿನ ಗಾಳಿಯೇ ದೊಡ್ಡ ಶತ್ರು. ಕುಂಡವನ್ನು ಉತ್ತರ ಮುಖದ ಗೋಡೆಗೆ ಒತ್ತಿ ಇಡಿ, ನೈಋತ್ಯದ ಕಡೆ ಮರೆ ಕಟ್ಟಿ.

ಗ್ರೇಟ್ ಓಶನ್ ರಸ್ತೆಗೆ ನೀಲಿ ಆಕಾಶದ ದಿನಕ್ಕಾಗಿ ಕಾಯುವವರಿದ್ದಾರೆ. ಅದಕ್ಕಿಂತ ನೈಋತ್ಯದ ಗಾಳಿಯ ದಿನವೇ ವಾಸಿ ಎನ್ನುವೆ: ಅಲೆಗಳು ಸುಣ್ಣಕಲ್ಲಿನ ಕಂಬಗಳಿಗೆ ಬಡಿದು ಏಳುವುದನ್ನು ನೋಡಿದರೆ ಆ ಕರಾವಳಿ ಏಕೆ ಹಾಗೆ ಕೊರೆದುಹೋಗಿದೆ ಎಂದು ಯಾರೂ ವಿವರಿಸಬೇಕಿಲ್ಲ. ಟ್ವೆಲ್ವ್ ಅಪಾಸಲ್ಸ್ ಕಂಬಗಳಲ್ಲಿ ಒಂದು 2005ರ ಜುಲೈನಲ್ಲಿ ಕುಸಿಯಿತು. ಲಂಡನ್ ಬ್ರಿಜ್ ಎಂಬ ಜೋಡಿ ಕಮಾನಿನ ಒಂದು ಭಾಗ 1990ರ ಜನವರಿಯಲ್ಲಿ ಬಿತ್ತು. ಬೇಲಿ ದಾಟಿ ಫೋಟೋ ತೆಗೆಯುವವರು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಕಡಿದ ಈ ರಸ್ತೆ ಟಾರ್ಕೀಯಿಂದ ಅಲನ್ಸ್‌ಫರ್ಡಿನವರೆಗೆ ಸುಮಾರು 240 ಕಿ.ಮೀ. ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಎರಡು ದಾರಿ. ದಂಡೆಯ ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಎಡಬದಿಯ ಓಡಾಟದಿಂದಾಗಿ ನಿಮ್ಮ ಕಾರು ಕಡಲ ಬದಿಗಿರುತ್ತದೆ, ನಿಲ್ಲುವ ಕಟ್ಟೆಗಳೆಲ್ಲ ನಿಮ್ಮ ಕಡೆಗೇ. ಆದರೆ ಕಂಬಗಳ ಹತ್ತಿರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಜೂನಿನಲ್ಲಿ ಸಂಜೆ ಐದೂಕಾಲಿಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ಗೀಲಾಂಗ್, ಕೊಲಾಕ್ ಮೂಲಕ ಒಳದಾರಿಯಲ್ಲಿ ನೇರ ಹೋದರೆ ಸುಮಾರು ಮೂರು ಗಂಟೆ. ಕಂಬಗಳನ್ನು ಮೊದಲು ನೋಡಿ ಅಪೊಲೊ ಬೇ, ಲಾರ್ನ್ ಮೂಲಕ ಮರಳಬಹುದು, ಪ್ರಪಾತ ಕಂಡರೆ ತಲೆ ಸುತ್ತುವವರಿಗೂ ಇದೇ ಹಿತ. ಜೋರು ಮಳೆಯ ಮರುದಿನ ಬಂಡೆ ಉರುಳಿ ರಸ್ತೆ ಮುಚ್ಚುವುದುಂಟು, ರಸ್ತೆಯ ಸ್ಥಿತಿ ತಿಳಿಯದೆ ಹೊರಡಬೇಡಿ. ಹಿಂದೆ ಕಾರುಗಳ ಸಾಲು ಬೆಳೆದರೆ ಪಕ್ಕದ ಕಟ್ಟೆಗೆ ಸರಿದು ಬಿಟ್ಟುಕೊಡಿ. ನೋಟದ ಅಟ್ಟಣೆಯಲ್ಲಿ ಸೀರೆಯ ಸೆರಗಿಗೆ ಎರಡು ಪಿನ್ನು, ಕಾಲಿಗೆ ಚಪ್ಪಲಿಯ ಬದಲು ಬೂಟು. ಉಪ್ಪಿನ ಹನಿ ಫೋನಿನ ಕಣ್ಣಿಗೆ ಮೆತ್ತಿ ಚಿತ್ರವೆಲ್ಲ ಮಂಜಾಗುತ್ತದೆ, ಒರೆಸಲು ಒಣ ಹತ್ತಿ ಬಟ್ಟೆ ಇರಲಿ.

ವಸಂತದ ಗಾಳಿಯ ಬಗ್ಗೆ ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ನಮ್ಮವರಿಗೆ ಪ್ರಾಣದ ಪ್ರಶ್ನೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಊರಿನ ಉತ್ತರ, ಪಶ್ಚಿಮದ ಹುಲ್ಲುಗಾವಲುಗಳಲ್ಲಿ ರೈಗ್ರಾಸ್ ಎಂಬ ಹುಲ್ಲು ಹೂಬಿಡುತ್ತದೆ. ಉತ್ತರದ ಗಾಳಿ ಆ ಪರಾಗವನ್ನು ಊರಿನೊಳಗೆ ತರುತ್ತದೆ. ಇಡಿಯಾದ ಪರಾಗದ ಕಣ ದೊಡ್ಡದು, ಮೂಗಿನಲ್ಲೇ ಸಿಕ್ಕಿಕೊಂಡು ಸೀನು, ಕಣ್ಣುರಿ ತರುತ್ತದೆ, ಅಷ್ಟೇ. ಗುಡುಗು ಮಳೆಯ ಮೋಡ ಸೇರಿದರೆ ಕಥೆ ಬದಲಾಗುತ್ತದೆ: ಕಣಗಳು ತೇವ ಹೀರಿ ಒಡೆದು, ಒಳಗಿನ ಅತಿಸೂಕ್ಷ್ಮ ಪಿಷ್ಟದ ಹರಳುಗಳು ಹೊರಬೀಳುತ್ತವೆ. ಮೋಡದಿಂದ ನೆಲಕ್ಕೆ ಇಳಿದು ಹರಡುವ ತಣ್ಣನೆಯ ಗಾಳಿ ಅವುಗಳನ್ನು ಮುಖದ ಮಟ್ಟಕ್ಕೆ ತರುತ್ತದೆ. ಅಷ್ಟು ಸಣ್ಣದಾದ್ದರಿಂದ ನೇರ ಶ್ವಾಸಕೋಶದೊಳಕ್ಕೆ. 2016ರ ನವೆಂಬರ್ 21ರ ಸಂಜೆ ಆದದ್ದು ಇದೇ. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಆಸ್ಪತ್ರೆಗಳ ಬಾಗಿಲಿಗೆ ಬಂದರು, ಹತ್ತು ಮಂದಿ ಸತ್ತರು. ತೊಂದರೆಗೊಳಗಾದ ಅನೇಕರಿಗೆ ಅದಕ್ಕೆ ಮುಂಚೆ ಆಸ್ತಮಾ ಎಂದು ಯಾರೂ ಹೇಳಿರಲಿಲ್ಲ. ಇದ್ದದ್ದು ವಸಂತದ ಮೂಗು ಸೋರಿಕೆ ಮಾತ್ರ. ಭಾರತ ಮತ್ತು ಏಷ್ಯಾ ಮೂಲದವರು ತಮ್ಮ ಸಂಖ್ಯೆಯ ಪಾಲಿಗಿಂತ ಹೆಚ್ಚು ಬಾಧೆಗೊಳಗಾದರೆಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ಬಂದ ಮೊದಲ ವರ್ಷ ಏನೂ ಆಗಲಿಲ್ಲ ಎಂಬುದು ಧೈರ್ಯಕ್ಕೆ ಆಧಾರವಲ್ಲ. ರೈಗ್ರಾಸಿನ ಅಲರ್ಜಿ ಕೆಲವು ವಸಂತಗಳ ಸಂಪರ್ಕದ ಬಳಿಕ ಶುರುವಾಗುವುದು ಸಾಮಾನ್ಯ. ನವೆಂಬರಿನಲ್ಲಿ ಮೂಗು, ಕಣ್ಣು ತುರಿಸಿದರೆ ‘ಶೀತ’ ಎಂದು ಕಷಾಯ ಕುಡಿದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ ಪ್ರತಿದಿನ ಗುಡುಗು ಆಸ್ತಮಾ ಮುನ್ಸೂಚನೆ ವಿಕ್‌ಎಮರ್ಜೆನ್ಸಿಯಲ್ಲಿ ಬರುತ್ತದೆ. ಹೈ ಎಂದ ದಿನ ಮೋಡ ಕವಿಯುವ ಮೊದಲೇ ಒಳಗಿರಿ. ಮಳೆಗೆ ಮುಂಚಿನ ಆ ತಂಪು ಬೀಸುಗಾಳಿ ಹಾಯೆನಿಸುತ್ತದೆ, ಅಂಗಳಕ್ಕೆ ಬರುವ ಮನಸ್ಸಾಗುತ್ತದೆ, ಅದೇ ಎಲ್ಲಕ್ಕಿಂತ ಕೆಟ್ಟ ಹೊತ್ತು. ಬಾಗಿಲು, ಕಿಟಕಿ ಮುಚ್ಚಿ, ಹೊರಗಿನ ಗಾಳಿ ಎಳೆಯುವ ಕೂಲರ್ ಆರಿಸಿ. ಉಬ್ಬಸ ಇಳಿಸುವ ನೀಲಿ ಪಫರ್ (ಇನ್ಹೇಲರ್) ಇಲ್ಲಿ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಜೊತೆಗೊಂದು ಸ್ಪೇಸರ್, ಅಂದರೆ ಅದರ ಬಾಯಿಗೆ ಜೋಡಿಸಿ ಔಷಧ ಎಳೆದುಕೊಳ್ಳುವ ಕೊಳವೆ, ಕೊಳ್ಳಿ. ಉಸಿರು ಕಟ್ಟಿದರೆ ನೆಟ್ಟಗೆ ಕೂರಿಸಿ. ಒಂದು ಸಲ ಒತ್ತಿ ಸ್ಪೇಸರಿನಿಂದ ನಾಲ್ಕು ಉಸಿರು, ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ಕಾದು ಸುಧಾರಿಸದಿದ್ದರೆ 000ಗೆ ಕರೆ ಮಾಡಿ, ಆಂಬುಲೆನ್ಸ್ ಬರುವತನಕ ಅದನ್ನೇ ಮುಂದುವರಿಸಿ. ಮಾತಾಡಲೂ ಆಗದಷ್ಟು ಉಬ್ಬಸವಿದ್ದರೆ ಕಾಯದೆ ಮೊದಲೇ ಕರೆ ಮಾಡಿ.

ಅದೇ ಕಾಲದ ಇನ್ನೊಂದು ಕಾಟ ಮ್ಯಾಗ್‌ಪೈ, ಕಪ್ಪು–ಬಿಳುಪಿನ, ಇಂಪಾಗಿ ಕೂಗುವ ಹಕ್ಕಿ. ಸೆಪ್ಟೆಂಬರಿನ ಆಸುಪಾಸಿನಲ್ಲಿ ಗೂಡಿನಲ್ಲಿ ಮರಿಯಿರುವಾಗ ಕೆಲವು ಗಂಡುಗಳು ದಾರಿಹೋಕರ ತಲೆಗೆ ಎರಗುತ್ತವೆ. ಎಲ್ಲವೂ ಎರಗುವುದಿಲ್ಲ, ಎರಗುವುದು ಸಾಮಾನ್ಯವಾಗಿ ಗೂಡಿನ ನೂರು ಮೀಟರಿನೊಳಗೆ. ಹಕ್ಕಿ ಮುಖ ಗುರುತಿಡುತ್ತದೆ, ಆದ್ದರಿಂದ ಕಲ್ಲೆಸೆದರೆ ಇಡೀ ಋತು ಹಗೆ. ಓಡದೆ ಅದರ ಕಡೆ ಕಣ್ಣಿಟ್ಟು ನಡೆಯಿರಿ, ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ. ಕೆಲವು ವಾರ ಬೇರೆ ಬೀದಿ ಹಿಡಿಯುವುದೇ ಜಾಣತನ.

ಚಳಿಗಾಲದಲ್ಲಿ ನೈಋತ್ಯದ ಗಾಳಿ ಬಲವಾಗಿ ಬೀಸಿದ ಮಾರನೆಯ ದಿನ, ಗಾಳಿ ನಿಂತು ಬಿಸಿಲು ಬಂದಾಗ, ಹಿಮ ನೋಡಲು ಹೊರಡಬೇಕು. ಗಾಳಿಯ ದಿನವೇ ಹೋದರೆ ಮಂಜಿನ ಬಿಳಿ ಬಿಟ್ಟು ಬೇರೇನೂ ಕಾಣದು. ಹತ್ತಿರದ್ದು ವಾರ್ಬರ್ಟನ್ ಮೇಲಿನ ಡೋನಾ ಬುವಾಂಗ್ ಬೆಟ್ಟ, ಸುಮಾರು 1,250 ಮೀಟರ್. ಹಿಮ ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ. ಮೇರಿಸ್‌ವಿಲ್ ಆಚೆಯ ಲೇಕ್ ಮೌಂಟನ್ ಎರಡು ಗಂಟೆಯ ದಾರಿ, ಮಕ್ಕಳ ಜಾರುಬಂಡಿಗೆ ತಕ್ಕದ್ದು. ಮ್ಯಾನ್ಸ್‌ಫೀಲ್ಡ್ ದಾಟಿದ ಮೌಂಟ್ ಬುಲ್ಲರ್ 1,805 ಮೀಟರ್, ಮೂರು ಗಂಟೆ. ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಮೈಯ ಶಾಖವನ್ನೆಲ್ಲ ಹೀರುತ್ತದೆ. ನೀರಿಳಿಯದ ಪ್ಯಾಂಟು, ಬೂಟು ಬಾಡಿಗೆಗೆ ಸಿಗುತ್ತವೆ.

ಹಿಮದ ಋತುವಿನಲ್ಲಿ ಈ ರೆಸಾರ್ಟ್ ರಸ್ತೆಗಳಿಗೆ ಎರಡು ಗಾಲಿ ಚಾಲನೆಯ ಕಾರು ಚೈನ್, ಅಂದರೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿ, ಹೊತ್ತೊಯ್ಯಲೇಬೇಕು, ಇಲ್ಲದಿದ್ದರೆ ದಂಡ. ಬಾಡಿಗೆಗೆ ಕೇಳುವಾಗ ಟೈರಿನ ಪಕ್ಕದಲ್ಲಿ ಬರೆದ 205/55 ಆರ್ 16ರಂಥ ಅಳತೆಯನ್ನು ಫೋಟೋ ತೆಗೆದು ತೋರಿಸಿ. ಅಂದಾಜಿನಲ್ಲಿ ತಂದ ಚೈನು ಸಡಿಲವಾಗಿ ಬ್ರೇಕಿನ ಪೈಪನ್ನೇ ಹರಿಯಬಹುದು. ಹಾಕಬೇಕಾದ್ದು ಎಂಜಿನ್ ತಿರುಗಿಸುವ ಗಾಲಿಗಳಿಗೆ, ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನವು. ಅಂಗಡಿಯ ಮುಂದೆ ಒಣನೆಲದಲ್ಲೇ ಒಮ್ಮೆ ಹಾಕಿ ತೆಗೆದು ಕಲಿತುಕೊಳ್ಳಿ, ಹಿಮದಲ್ಲಿ ಮರಗಟ್ಟಿದ ಬೆರಳಿಗೆ ಅದು ಬರುವುದಿಲ್ಲ. ಗುರುತಿಸಿದ ಕಟ್ಟೆಯಲ್ಲೇ ನಿಲ್ಲಿಸಿ, ಬಳೆಯನ್ನು ಟೈರಿನ ಹಿಂದಿನಿಂದ ತೂರಿಸಿ, ಮೇಲೆ ಕೊಂಡಿ ಸೇರಿಸಿ, ಮುಂದಿನ ಸರಪಳಿ ಬಿಗಿದು ಕಟ್ಟಿ. ನೂರು ಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಯಿರಿ. 40 ಕಿ.ಮೀ. ಮೀರಬಾರದು. ಬರೀ ಡಾಂಬರು ಕಂಡು ಚೈನ್ ತೆಗೆಯಬಹುದೆಂಬ ಫಲಕ ಬಂದ ಕೂಡಲೇ ಬಿಚ್ಚಿ. ರಾತ್ರಿ ಅಲ್ಲೇ ಉಳಿಯುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಗಾಲಿ ಉರುಳದಂತೆ ಅಡ್ಡ ಇಡಿ, ಬ್ರೇಕಿನ ತಂತಿ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದೇ ಇಲ್ಲ. ವೈಪರುಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ. ಡೀಸೆಲ್ ಕಾರಾದರೆ ಬೆಟ್ಟದ ಬುಡದ ಊರಿನಲ್ಲಿ ಆಲ್ಪೈನ್ ಡೀಸೆಲ್ ಹಾಕಿಸಿ, ಪಟ್ಟಣದ ಡೀಸೆಲ್ ಚಳಿಗೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಗಾಜಿನ ಮೇಲಿನ ಮಂಜುಗಡ್ಡೆಗೆ ಕೆಟಲಿನ ಬಿಸಿನೀರು ಹೊಯ್ಯಬೇಡಿ, ಗಾಜು ಸೀಳುತ್ತದೆ. ಎಂಜಿನ್ ಶುರು ಮಾಡಿ ಹೀಟರಿನ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ ಬಿಡಿ. ಮಂಜುಗಡ್ಡೆ ಸಡಿಲವಾಗುವ ಹೊತ್ತಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡೊಂದರಿಂದ ಹೆರೆದರೆ ಸಾಕು.